ಗೊಂಬೆಯ ಸಿಕ್ಕುಗೂದಲಿಗೆ ಎಣ್ಣೆ ಬೇಡ, ಬಿಸಿನೀರು ಬೇಕು

ಪ್ರಶ್ನೆ: ನನಗೆ ಏಳು ವರ್ಷವಾಗಿದ್ದಾಗ, 1994ರಲ್ಲಿ, ಸೋದರಮಾವ ಬೆಂಗಳೂರಿನಿಂದ ತಂದುಕೊಟ್ಟ ಬಾರ್ಬಿ ಗೊಂಬೆ ಈಚೆಗೆ ತವರುಮನೆಯ ಅಟ್ಟದ ಟ್ರಂಕಿನಲ್ಲಿ ಸಿಕ್ಕಿತು. ಮೈಕೈ ಚೆನ್ನಾಗಿಯೇ ಇದೆ. ಕೂದಲು ಮಾತ್ರ ತೆಂಗಿನ ನಾರಿನ ಉಂಡೆಯಂತಾಗಿದೆ. ಮಗಳು ಕೊಬ್ಬರಿ ಎಣ್ಣೆ ಹಚ್ಚಿ ಬಾಚಲು ನೋಡಿದಳು. ಇನ್ನಷ್ಟು ಅಂಟಂಟಾಗಿ, ಒಂದಿಷ್ಟು ಕೂದಲು ಕಿತ್ತೂ ಬಂತು. ಮನೆಯಲ್ಲಿ ಹೇರ್ ಸ್ಟ್ರೈಟ್ನರ್ ಇದೆ, ಅದನ್ನು ಬಳಸಬಹುದೇ? ಈ ಸಲ ದಸರೆಗೆ ಗೊಂಬೆ ಕೂರಿಸುವಾಗ ಇವಳನ್ನೂ ಕೂರಿಸಲೇಬೇಕೆಂದು ಮಗಳ ಹಟ. – ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಸ್ಟ್ರೈಟ್ನರ್ ಮುಟ್ಟಬೇಡಿ. ನಿಮ್ಮ ಪ್ರಶ್ನೆಯಲ್ಲಿ ನನಗೆ ಭಯ ಹುಟ್ಟಿಸಿದ್ದು ಅದೊಂದೇ. ಉಳಿದದ್ದೆಲ್ಲ, ಎಣ್ಣೆಯೂ ಸೇರಿ, ಸರಿಹೋಗುವಂಥದ್ದು. ಮನುಷ್ಯರ ಕೂದಲಿಗೆಂದು ಮಾಡಿದ ಸ್ಟ್ರೈಟ್ನರ್ ತಟ್ಟೆಗಳು ಸಾಮಾನ್ಯವಾಗಿ 150ರಿಂದ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತವೆ. ಗೊಂಬೆಗಳ ಕೂದಲಿಗೆ ಬಳಸುವ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ 160ರ ಆಸುಪಾಸಿನಲ್ಲಿ ಕರಗಿಯೇ ಹೋಗುತ್ತದೆ, ಮೆತ್ತಗಾಗುವುದು ಅದಕ್ಕೂ ಎಷ್ಟೋ ಮೊದಲು. ವರ್ಷಗಳ ಹಿಂದೆ ನನ್ನ ಅಕ್ಕನ ಮಗಳ ಗೊಂಬೆಗೆ ನಾನೇ ಹೀಗೆ ಮಾಡಿದ್ದೆ. ಎರಡು ಸೆಕೆಂಡು ಹಿಡಿದಿದ್ದೆನೇನೋ. ತಟ್ಟೆ ಬಿಡಿಸಿದಾಗ ಬಲಗಡೆಯ ಜೊಂಪೆ ಒಂದು ಗಟ್ಟಿ ಪಟ್ಟಿಯಾಗಿ, ಬೆಂದ ಮೇಣದ ಹಾಳೆಯಂತೆ ಬಾಗಿ ನಿಂತಿತ್ತು. ಆ ಮಗು ಅಳಲಿಲ್ಲ, ಗೊಂಬೆಯನ್ನು ಎತ್ತಿಕೊಂಡು ಸುಮ್ಮನೆ ಒಳಗೆ ಹೋಯಿತು. ಕರಗಿದ ಕೂದಲಿಗೆ ಯಾವ ಔಷಧವೂ ಇಲ್ಲ, ಕತ್ತರಿಸುವುದೊಂದೇ ದಾರಿ. ಸಿಕ್ಕಾದ ಕೂದಲಾದರೆ ಹತ್ತರಲ್ಲಿ ಎಂಟು ಸಲ ಬಿಡಿಸಲು ಬರುತ್ತದೆ ಎಂಬುದು ನನ್ನ ಅನುಭವ.

ಈ ಕೆಲಸಕ್ಕೆ ಕೂರುವ ಎಲ್ಲರಿಗೂ ನಾನು ಮೊದಲು ಹೇಳುವ ಮಾತೊಂದಿದೆ. ಗೊಂಬೆಯ ತಲೆಯ ಮೇಲಿರುವುದು ಕೂದಲಲ್ಲ, ಕೂದಲಂತೆ ಕಾಣುವ ಪ್ಲಾಸ್ಟಿಕ್ ದಾರ. ನಮ್ಮ ಕೂದಲಿಗೆ ಬುಡದಿಂದ ಜಿಡ್ಡು ಇಳಿಯುತ್ತದೆ, ಹಳೆಯದು ಉದುರಿ ಹೊಸದು ಹುಟ್ಟುತ್ತದೆ, ಎಣ್ಣೆ ಹಚ್ಚಿದರೆ ಒಂದಿಷ್ಟು ಒಳಕ್ಕೆ ಇಳಿಯುತ್ತದೆ. ಆ ದಾರಕ್ಕೆ ಇದೊಂದೂ ಇಲ್ಲ. ಕಾರ್ಖಾನೆಯಲ್ಲಿ ಕರಗಿದ ಪ್ಲಾಸ್ಟಿಕ್ಕನ್ನು ಸಣ್ಣ ರಂಧ್ರಗಳ ಮೂಲಕ ಶಾವಿಗೆಯಂತೆ ಎಳೆದು ತೆಗೆದಿರುತ್ತಾರೆ. ಮೆತ್ತನೆಯ ವಿನೈಲ್ ತಲೆಗೆ ಯಂತ್ರದಿಂದ ಅದನ್ನು ಗೊಂಚಲು ಗೊಂಚಲಾಗಿ ಹೊಲಿದು, ಬಿಸಿಯಿಂದಲೇ ನೇರ ಮಾಡಿಯೋ ಗುಂಗುರು ಮಾಡಿಯೋ ಪೆಟ್ಟಿಗೆಗೆ ಹಾಕಿರುತ್ತಾರೆ. ಅಂದಮೇಲೆ ಅದರ ಆಕಾರವನ್ನು ಹದವಾದ ಬಿಸಿಯೇ ಮತ್ತೆ ಕೊಡಬೇಕು. ಎಣ್ಣೆ, ಸೀಗೆಕಾಯಿ, ಮೆಂತ್ಯದ ಲೇಪ ಯಾವುದೂ ಕೊಡಲಾರದು.

ಹಾಗಾದರೆ ಕೂದಲು ಉಬ್ಬಿ ಕೆದರುವುದೇಕೆ? ಉಡುಗೊರೆ ಕಟ್ಟುವ ಪ್ಲಾಸ್ಟಿಕ್ ರಿಬ್ಬನ್ನನ್ನು ಕತ್ತರಿಯ ಅಲಗಿಗೆ ಒತ್ತಿ ಸರ್ರನೆ ಎಳೆದರೆ ಸುರುಳಿಯಾಗುತ್ತದಲ್ಲ, ಗೊಂಬೆಯ ಕೂದಲಿಗೂ ಆಗುವುದು ಅದೇ. ಮಗು ಒಣಗೂದಲನ್ನು ಬಾಚುತ್ತದೆ, ಬಾಚಣಿಗೆ ಗಂಟಿಗೆ ಸಿಕ್ಕಿಕೊಳ್ಳುತ್ತದೆ, ಮಗು ಎಳೆಯುತ್ತದೆ. ಪ್ರತಿ ಎಳೆತಕ್ಕೂ ದಾರದ ಒಂದು ಬದಿ ಹಿಗ್ಗಿ ಇನ್ನೊಂದು ಬದಿ ಹಾಗೇ ಉಳಿಯುತ್ತದೆ, ದಾರ ಮುರುಟುತ್ತದೆ. ಹೀಗೆ ಮುರುಟಿದ ಸಾವಿರಾರು ಎಳೆ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಾಗ ನೀವು ಹೇಳುವ ನಾರಿನ ಉಂಡೆ ತಯಾರು. ತುದಿಗಳಲ್ಲಿ ಇದು ಹೆಚ್ಚು, ಬುಡದಲ್ಲಿ ಕಡಿಮೆ. ನಿಮ್ಮ ಗೊಂಬೆಯ ಬೈತಲೆಯ ಹತ್ತಿರ ಒಂದೆರಡು ಸೆಂಟಿಮೀಟರ್ ಕೂದಲು ಈಗಲೂ ನಯವಾಗಿಯೇ ಇದೆಯೇ ನೋಡಿ. ಇದ್ದರೆ ಉಳಿದದ್ದೂ ಹೆಚ್ಚುಕಡಿಮೆ ಆ ಸ್ಥಿತಿಗೆ ಮರಳುತ್ತದೆ ಎಂದು ಧೈರ್ಯದಿಂದ ಹೇಳಬಲ್ಲೆ.

ನೀರಿಗಿಳಿಸುವ ಮುನ್ನ ಗೊಂಬೆಯನ್ನು ಒಮ್ಮೆ ತಪಾಸಣೆ ಮಾಡಿ. ಬಾರ್ಬಿಯಂತೆ ಪೂರ್ತಿ ಪ್ಲಾಸ್ಟಿಕ್ ಮೈ, ಬಣ್ಣದಲ್ಲಿ ಬರೆದ ಕಣ್ಣು ಇದ್ದರೆ ಯೋಚನೆಯಿಲ್ಲ. ಮಲಗಿಸಿದರೆ ಕಣ್ಣು ಮುಚ್ಚುವ ಗೊಂಬೆಯಾದರೆ ಕಣ್ಣಿನ ಹಿಂದೆ ಲೋಹದ ಭಾರ, ಸಣ್ಣ ಕೀಲು ಇರುತ್ತವೆ. ನೀರು ಹೊಕ್ಕರೆ ತುಕ್ಕು ಹಿಡಿಯುತ್ತದೆ. ಅಂಥದ್ದಕ್ಕೆ ಮುಖ ಮೇಲೆ ಮಾಡಿ ಕೂದಲನ್ನಷ್ಟೇ ಹಿಂದಕ್ಕೆ ಇಳಿಬಿಟ್ಟು ತೊಳೆಯಬೇಕು. ಹೊಟ್ಟೆಯಲ್ಲಿ ಬ್ಯಾಟರಿ ಇರುವ, ಮಾತಾಡುವ ಗೊಂಬೆಗೂ, ಬಟ್ಟೆಯ ಮೈಯ ಗೊಂಬೆಗೂ ಕುತ್ತಿಗೆಯ ಕೆಳಗೆ ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟಿ. ಕಿವಿಯೋಲೆ, ಪಿನ್ನು, ಹಳೆಯ ರಬ್ಬರ್ ಬ್ಯಾಂಡು ಎಲ್ಲ ತೆಗೆಯಿರಿ. ಮೂವತ್ತು ವರ್ಷದ ರಬ್ಬರ್ ಬ್ಯಾಂಡು ಕೂದಲಿಗೆ ಅಂಟಿಕೊಂಡು ಬೆಲ್ಲದ ಪಾಕದಂತಾಗಿರುತ್ತದೆ. ಅದನ್ನು ಎಳೆಯಬೇಡಿ, ಉಗುರು ಕತ್ತರಿಸುವ ಸಣ್ಣ ಕತ್ತರಿಯ ತುದಿಯಿಂದ ಬ್ಯಾಂಡನ್ನಷ್ಟೇ ತುಂಡು ಮಾಡಿ ಬಿಡಿಸಿ. ಕೊನೆಗೆ ಮೊಬೈಲಿನಲ್ಲಿ ನೆತ್ತಿಯ ಒಂದೆರಡು ಫೋಟೊ ತೆಗೆದಿಟ್ಟುಕೊಳ್ಳಿ. ಬೈತಲೆ ಎಲ್ಲಿತ್ತು, ಮುಂಗೂದಲು ಯಾವ ಕಡೆಗೆ ತಿರುಗಿತ್ತು ಎಂಬುದು ತೊಳೆದ ಮೇಲೆ ಮರೆತುಹೋಗುತ್ತದೆ.

ಈಗ ಎಣ್ಣೆಯ ವಿಷಯ. ನಿಮ್ಮ ಮಗಳನ್ನು ಗದರಬೇಡಿ, ಅವಳು ಮಾಡಿದ್ದು ತನ್ನ ತಲೆಗೆ ನೀವು ಮಾಡುವುದನ್ನೇ. ಆದರೆ ಪ್ಲಾಸ್ಟಿಕ್ ದಾರದ ಮೇಲೆ ಕೊಬ್ಬರಿ ಎಣ್ಣೆ ಮೇಲ್ಮೈಯಲ್ಲೇ ನಿಂತು ದೂಳು ಹಿಡಿಯುತ್ತದೆ, ಕೆಲವು ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ. ಅದರಲ್ಲೂ ಪಾಲಿಪ್ರೊಪಿಲೀನ್ ಎಣ್ಣೆಯನ್ನು ಬಿಡದೆ ಹಿಡಿದುಕೊಳ್ಳುವ ಜಾತಿ. ಸಮುದ್ರದಲ್ಲಿ ಎಣ್ಣೆ ಸೋರಿದಾಗ ಹೀರಿಕೊಳ್ಳಲು ಹಾಸುವ ಚಾಪೆಗಳನ್ನು ಅದರಿಂದಲೇ ಮಾಡುತ್ತಾರೆ. ಹಾಗಾಗಿ ಶಾಂಪೂ ಸಾಲುವುದಿಲ್ಲ, ಪಾತ್ರೆ ತೊಳೆಯುವ ಲಿಕ್ವಿಡ್ ಬೇಕು. ಒಂದು ಬೋಗುಣಿ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಸಾಕು. ಕೂದಲನ್ನು ಅದರಲ್ಲಿ ಹತ್ತು ನಿಮಿಷ ನೆನೆಸಿ, ಬೆರಳುಗಳ ನಡುವೆ ಹಿಡಿದು ಮೇಲಿನಿಂದ ಕೆಳಕ್ಕೆ ಹಿಂಡುತ್ತಾ ಬನ್ನಿ. ಬಟ್ಟೆ ಒಗೆದಂತೆ ತಿಕ್ಕಬೇಡಿ, ತಿಕ್ಕಿದರೆ ಗಂಟು ಬಿಗಿಯುತ್ತದೆ. ನೆತ್ತಿಯ ಕೊಳೆಗೆ ಮೆತ್ತನೆಯ ಹಳೆಯ ಹಲ್ಲುಜ್ಜುವ ಬ್ರಷ್ಷು ಒಳ್ಳೆಯದು. ನೀರು ಬದಲಿಸಿ ಇನ್ನೊಮ್ಮೆ. ಒಂದು ಎಳೆಯನ್ನು ಹಿಡಿದು ಎಳೆದಾಗ ತೊಳೆದ ಗಾಜಿನ ಲೋಟದಂತೆ ಕಿರ್ ಅಂದರೆ ಎಣ್ಣೆ ಹೋಯಿತು ಎಂದರ್ಥ.

ಮುಂದಿನ ಹೆಜ್ಜೆಯನ್ನು ಬಹಳ ಜನ ಹಾರಿಸಿಬಿಡುತ್ತಾರೆ. ನನಗಂತೂ ಇಡೀ ಕೆಲಸದಲ್ಲಿ ಅದೇ ಅತಿ ಮುಖ್ಯ ಅನ್ನಿಸುತ್ತದೆ. ನಿಮ್ಮ ಗೊಂಬೆಯ ದಾರ ಯಾವುದು? ಬಾರ್ಬಿ 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಮೊದಲು ಕಾಣಿಸಿಕೊಂಡಾಗ ಅವಳ ಕೂದಲು ಸರಾನ್ ಎಂಬ ದಾರದ್ದು. ಆಮೇಲೆ ಬಂದ ಬಾರ್ಬಿಗಳಲ್ಲೂ ಬೇರೆ ಕಂಪನಿಗಳ ಗೊಂಬೆಗಳಲ್ಲೂ ಸರಾನ್, ನೈಲಾನ್, ಪಾಲಿಪ್ರೊಪಿಲೀನ್, ಕನೆಕಲಾನ್ ಎಲ್ಲವೂ ಬಂದಿವೆ. ಕನೆಕಲಾನ್ ಜಪಾನಿನಲ್ಲಿ 1957ರಿಂದ ತಯಾರಾಗುತ್ತಿರುವ ಮೋಡಾಕ್ರಿಲಿಕ್ ದಾರ, ವಿಗ್‌ಗಳಿಗೂ ಇದನ್ನೇ ಬಳಸುತ್ತಾರೆ. ಒಂದೊಂದೂ ಬಿಸಿಯನ್ನು ತಡೆಯುವುದು ಒಂದೊಂದು ಥರ. ಗೊಂಬೆಯ ಹೆಸರನ್ನೋ ವರ್ಷವನ್ನೋ ನೋಡಿ ದಾರವನ್ನು ಹೇಳಲು ಬಾರದು. ಆದರೆ ಅಡುಗೆಮನೆಯಲ್ಲೇ ಕಂಡುಹಿಡಿಯಬಹುದು, ಎರಡು ಲೋಟ ನೀರು, ಒಂದಿಷ್ಟು ಪುಡಿ ಉಪ್ಪು ಇದ್ದರಾಯಿತು.

ಬಾಚುವಾಗ ಕಿತ್ತು ಬಂದ ಕೂದಲನ್ನು ಎಸೆದಿಲ್ಲ ತಾನೆ? ಅದನ್ನೇ ಎಣ್ಣೆ ಹೋಗುವಂತೆ ತೊಳೆದು, ಒಂದು ಸೆಂಟಿಮೀಟರ್ ಉದ್ದಕ್ಕೆ ನಾಲ್ಕೈದು ತುಂಡು ಮಾಡಿ. ಮೊದಲ ಲೋಟದಲ್ಲಿ ಬರೀ ನೀರು, ಜೊತೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಈ ಹನಿ ಇಲ್ಲದಿದ್ದರೆ ಭಾರದ ಎಳೆಯೂ ನೀರಿನ ಮೇಲ್ಪದರದ ಮೇಲೆ ಕೂತು ನಿಮ್ಮನ್ನು ಮೋಸ ಮಾಡುತ್ತದೆ. ಎಳೆಗಳನ್ನು ಹಾಕಿ, ಕಡ್ಡಿಯಿಂದ ತಳದವರೆಗೆ ಒತ್ತಿ, ಅಂಟಿದ ಗಾಳಿಗುಳ್ಳೆ ಬಿಡುವಂತೆ ಅಲ್ಲಾಡಿಸಿ ಬಿಟ್ಟುಬಿಡಿ. ಮೇಲಕ್ಕೆದ್ದು ತೇಲಿದರೆ ಅದು ಪಾಲಿಪ್ರೊಪಿಲೀನ್. ನೀರಿಗಿಂತ ಹಗುರ, ಸಾಂದ್ರತೆ ಸುಮಾರು 0.9. ಮುಳುಗಿದರೆ ಎರಡನೇ ಲೋಟಕ್ಕೆ ಹೋಗಿ. ಅದರಲ್ಲಿ 100 ಮಿಲಿಲೀಟರ್ ನೀರಿಗೆ 40 ಗ್ರಾಂ ಉಪ್ಪು ಹಾಕಿ ಕದಡಿ. ಸುಮಾರು 36 ಗ್ರಾಂ ಕರಗುತ್ತದೆ, ಉಳಿದದ್ದು ತಳದಲ್ಲಿ ಕೂರುತ್ತದೆ, ಕೂರಲೇಬೇಕು. ಇನ್ನು ಕರಗದಷ್ಟು ಉಪ್ಪಾದ ಈ ನೀರಿನ ಸಾಂದ್ರತೆ 1.2. ಬರೀ ನೀರಿನಲ್ಲಿ ಮುಳುಗಿದ ಎಳೆ ಇದರಲ್ಲಿ ತೇಲಿದರೆ ನೈಲಾನ್, ಅದರ ಸಾಂದ್ರತೆ ಸುಮಾರು 1.14. ಇದರಲ್ಲೂ ಮುಳುಗಿದರೆ ಹೆಚ್ಚಾಗಿ ಸರಾನ್ ಇಲ್ಲವೇ ಕನೆಕಲಾನ್. ಇವೆರಡನ್ನು ಕೈಯೇ ಹೇಳುತ್ತದೆ. ಸರಾನ್ ಗಾಜಿನಂತೆ ಮಿಂಚುತ್ತದೆ, ಜೊಂಪೆ ಎತ್ತಿದರೆ ಭಾರವೆನಿಸುತ್ತದೆ, ಬೆರಳಿನಿಂದ ಜಾರುತ್ತದೆ. ಕನೆಕಲಾನ್ ಹೊಳಪು ಕಡಿಮೆ, ಮೆತ್ತಗೆ, ಕೊಂಚ ಉಣ್ಣೆಯಂತೆ ದಟ್ಟ.

ಕೆಲವರು ಎಳೆಯನ್ನು ಬೆಂಕಿಕಡ್ಡಿಗೆ ಹಿಡಿದು ವಾಸನೆಯಿಂದ ಗುರುತಿಸಿ ಎನ್ನುತ್ತಾರೆ. ಮನೆಯಲ್ಲಿ, ಅದೂ ಮಗುವಿನ ಎದುರು, ಅದು ಬೇಡವೇ ಬೇಡ. ಸರಾನ್‌ನಲ್ಲಿ ಕ್ಲೋರಿನ್ ಇದೆ, ಸುಟ್ಟರೆ ಕಣ್ಣು ಗಂಟಲು ಉರಿಸುವ ಆಮ್ಲದ ಹೊಗೆ ಬರುತ್ತದೆ.

ಇನ್ನು ಸಿಕ್ಕು ಬಿಡಿಸುವುದು. ಇದಕ್ಕೆ ಒಂದು ಮಧ್ಯಾಹ್ನ ಬೇಕು. ಬಾರ್ಬಿಯ ಗಾತ್ರದ, ಹನ್ನೊಂದೂವರೆ ಇಂಚಿನ ಗೊಂಬೆಗೆ ನನಗೂ ಒಂದೂವರೆ ಗಂಟೆ ಹಿಡಿಯುತ್ತದೆ. ಅರ್ಧ ಗಂಟೆಯಲ್ಲಿ ಮುಗಿಸುತ್ತೇನೆ ಎಂದು ಹೊರಟವರ ಕೈಯಲ್ಲಿ ಕೊನೆಗೆ ಉಳಿಯುವುದು ಬೋಳು ನೆತ್ತಿಯೇ. ಅಂಗಡಿಯಲ್ಲಿ ಸಿಗುವ ಅಗ್ಗದ ಹೇರ್ ಕಂಡೀಶನರ್ ಸ್ಯಾಶೆ ಎರಡು ಮೂರು ತನ್ನಿ. ಒದ್ದೆ ಕೂದಲಿಗೆ, ದೋಸೆಹಿಟ್ಟು ಮೆತ್ತಿದಷ್ಟು ಧಾರಾಳವಾಗಿ ಹಚ್ಚಿ, ಕಾಲು ಗಂಟೆ ಬಿಡಿ. ಕಂಡೀಶನರ್ ಈ ದಾರವನ್ನು ಪೋಷಿಸುವುದಿಲ್ಲ, ಪ್ಲಾಸ್ಟಿಕ್ಕಿಗೆ ಪೋಷಣೆ ಎಂಬುದೇ ಇಲ್ಲ. ಎಳೆಗೂ ಎಳೆಗೂ ನಡುವೆ ಜಾರುವ ಪದರವಾಗಿ ನಿಲ್ಲುತ್ತದೆ, ನಮಗೆ ಬೇಕಿರುವುದೂ ಅಷ್ಟೇ. ಬಾಚಣಿಗೆ ಲೋಹದ್ದಾಗಲಿ, ಹಲ್ಲು ನಯವಾಗಿರಲಿ. ಮೊದಲು ಅಗಲ ಹಲ್ಲಿನದು, ಕೊನೆಯ ಸುತ್ತಿಗೆ ಹೇನು ತೆಗೆಯುವ ಸಣ್ಣ ಹಲ್ಲಿನದು. ತುದಿಯಲ್ಲಿ ಗುಂಡುಗಳಿರುವ ಬ್ರಷ್ಷು ಬೇಡ, ಆ ಗುಂಡುಗಳೇ ಎಳೆಗಳನ್ನು ಸಿಕ್ಕಿಸಿ ಎಳೆದು ಮುರುಟಿಸುತ್ತವೆ.

ಕೂದಲನ್ನು ಆರೇಳು ಪಾಲು ಮಾಡಿ ಕ್ಲಿಪ್ಪು ಹಾಕಿ. ಕುತ್ತಿಗೆಯ ಬಳಿಯ, ಕಣ್ಣಿಗೆ ಬೀಳದ ಪಾಲಿನಿಂದ ಶುರು ಮಾಡಿ. ಎಡಗೈಯ ಹೆಬ್ಬೆರಳು ತೋರುಬೆರಳಿನಿಂದ ಆ ಜೊಂಪೆಯನ್ನು ಬುಡದ ಹತ್ತಿರ ಒತ್ತಿ ಹಿಡಿಯಿರಿ. ಬಾಚಣಿಗೆಯ ಎಳೆತವೆಲ್ಲ ನಿಮ್ಮ ಬೆರಳಿಗೆ ಬರಬೇಕು, ಹೊಲಿಗೆಗೆ ಹೋಗಬಾರದು. ಈಗ ತುದಿಯ ಅರ್ಧ ಇಂಚು ಮಾತ್ರ ಬಾಚಿ. ಅದು ಸರಾಗವಾದ ಮೇಲೆ ಅದರ ಮೇಲಿನ ಅರ್ಧ ಇಂಚು. ಗಂಟು ಅಡ್ಡ ಬಂದಾಗ ಬಾಚಣಿಗೆ ಕೆಳಗಿಡಿ. ದಪ್ಪ ಸೂಜಿಯೊಂದನ್ನು ತೆಗೆದುಕೊಂಡು ಗಂಟಿನ ಅಂಚಿನಿಂದ ಒಂದೊಂದೇ ಎಳೆಯನ್ನು ಹೊರಕ್ಕೆ ತೆಗೆಯಿರಿ. ನಡುವಿಗೆ ಚುಚ್ಚಿ ಎಳೆದರೆ ಬಿಗಿಯಾಗುತ್ತದೆ, ಅಂಚಿನಿಂದ ತೆಗೆದರೆ ಸಡಿಲವಾಗುತ್ತದೆ. ಐದಾರು ಎಳೆ ಹೊರಬಂದ ಮೇಲೆ ಬಟಾಣಿಯಷ್ಟಿದ್ದ ಗಂಟು ಸಾಸಿವೆಯಷ್ಟಾಗಿ, ಇನ್ನೊಂದೆರಡು ಎಳೆಗೆ ತಾನಾಗಿಯೇ ಬಿಚ್ಚಿ ಕೆಳಗಿಳಿಯುತ್ತದೆ. ಆ ಗಳಿಗೆ ನನಗೆ ಇವತ್ತಿಗೂ ಇಷ್ಟ. ಹೂ ಕಟ್ಟುವವರು, ಎಂಬ್ರಾಯ್ಡರಿ ಮಾಡುವವರು ಈ ಕೆಲಸವನ್ನು ಬೇಗ ಕಲಿಯುತ್ತಾರೆ. ನಿಮ್ಮ ತಾಯಿಯ ಕೈಗೆ ಕೊಟ್ಟು ನೋಡಿ. ಕಂಡೀಶನರ್ ಒಣಗುತ್ತಿದೆ ಅನ್ನಿಸಿದರೆ ನೀರು ಚಿಮುಕಿಸಿ ಮತ್ತೆ ಹಚ್ಚಿ. ಒಣಗೂದಲನ್ನು ಬಾಚಲೇಬೇಡಿ.

ಎಲ್ಲ ಪಾಲೂ ಬಿಡಿಸಿ, ಕಂಡೀಶನರ್ ತೊಳೆದಾಗ ಕೂದಲು ಸಿಕ್ಕಿಲ್ಲದೆ ಇರುತ್ತದೆ, ಆದರೆ ಇನ್ನೂ ಪೊದೆಯಂತೆ ಉಬ್ಬಿರುತ್ತದೆ. ಇಲ್ಲಿ ನಿರಾಶರಾಗಬೇಡಿ, ಬಿಸಿನೀರಿನ ಕೆಲಸ ಶುರುವಾಗುವುದೇ ಈಗ. ದಾರ ತಯಾರಾಗುವಾಗ ಬಿಸಿಯಲ್ಲಿ ಪಡೆದ ಆಕಾರ, ಆಮೇಲೆ ಎಳೆದಾಟದಲ್ಲಿ ಬಂದ ಮುರುಟು, ಎರಡೂ ಅದರೊಳಗೆ ಬಿಗಿತವಾಗಿ ಕೂತಿವೆ. ಹದವಾದ ಬಿಸಿ ತಾಕಿದಾಗ ಆ ಬಿಗಿತ ಸಡಿಲವಾಗಿ, ಆ ಹೊತ್ತಿಗೆ ನೀವು ಹೇಗೆ ಹಿಡಿದಿರುತ್ತೀರೋ ಹಾಗೆ ನಿಲ್ಲಲು ದಾರ ಒಪ್ಪುತ್ತದೆ. ತಣ್ಣೀರು ಬಿದ್ದರೆ ಆ ಆಕಾರ ಗಟ್ಟಿ.

ಎಷ್ಟು ಬಿಸಿ ಎಂಬುದಕ್ಕೆ ಥರ್ಮಾಮೀಟರ್ ಬೇಕಿಲ್ಲ. ದಾವಣಗೆರೆಯ ಎತ್ತರದಲ್ಲಿ ನೀರು ಸುಮಾರು 98 ಡಿಗ್ರಿಯಲ್ಲಿ ಕುದಿಯುತ್ತದೆ. ಕುದಿಯುವ ನೀರು ಒಂದು ಲೋಟ, ನಲ್ಲಿಯ ನೀರು ಒಂದು ಲೋಟ ಬೆರೆಸಿದರೆ 60ರ ಆಸುಪಾಸು ಬರುತ್ತದೆ. ಕುದಿಯುವ ನೀರು ಮೂರು ಲೋಟಕ್ಕೆ ನಲ್ಲಿಯದು ಒಂದು ಲೋಟವಾದರೆ 80ರ ಹತ್ತಿರ. ಕನೆಕಲಾನ್ ಅಂದುಕೊಂಡಿದ್ದರೆ 60ರಿಂದ ಮೇಲೆ ಹೋಗಬೇಡಿ, ಅದು ಕುದಿನೀರಿಗೆ ಸಿಕ್ಕರೆ ಇನ್ನಷ್ಟು ಉಬ್ಬಿ ಒರಟಾಗುತ್ತದೆ. ಸರಾನ್, ಪಾಲಿಪ್ರೊಪಿಲೀನ್ ಎರಡಕ್ಕೂ 80ರಿಂದ ಶುರು ಮಾಡಿ. ನೈಲಾನ್ ಗಟ್ಟಿಗ, ಒಲೆ ಆರಿಸಿ ಒಂದು ನಿಮಿಷ ಬಿಟ್ಟ ನೀರನ್ನೂ ತಡೆಯುತ್ತದೆ. ದಾರ ಯಾವುದೇ ಇರಲಿ, ಮೊದಲು ಹಿಂಭಾಗದ ಒಂದೇ ಎಳೆಗೊಂಚಲಿನ ಮೇಲೆ ಪರೀಕ್ಷಿಸಿ. ತುದಿ ಸುರುಟಿಕೊಂಡರೆ ಅಥವಾ ಕೂದಲು ಗಿಡ್ಡವಾಯಿತು ಅನ್ನಿಸಿದರೆ ಬಿಸಿ ಹೆಚ್ಚಾಯಿತು ಎಂದೇ ತಿಳಿಯಿರಿ.

ಇಷ್ಟು ಬಿಸಿಯ ನೀರು ಮಗುವಿನ ಕೈಗೆ ಬಿದ್ದರೆ ಸುಡುತ್ತದೆ. ಈ ಅರ್ಧ ಗಂಟೆ ಮಗಳು ಅಡುಗೆಮನೆಯ ಹೊರಗೆ ಇರಲಿ, ನೀವು ದಪ್ಪ ರಬ್ಬರ್ ಕೈಗವಸು ಹಾಕಿಕೊಳ್ಳಿ. ಆಮೇಲೆ ಬಾಚುವ ಕೆಲಸ ಅವಳಿಗೆ ಬೇಕಾದಷ್ಟಿದೆ.

ಗೊಂಬೆಯನ್ನು ತಲೆಕೆಳಗಾಗಿ ಹಿಡಿದು ಕುದಿನೀರಿನಲ್ಲಿ ಅದ್ದುವುದನ್ನು ನೀವು ವಿಡಿಯೊಗಳಲ್ಲಿ ನೋಡಿರಬಹುದು. ನಾನು ಹಾಗೆ ಮಾಡುವುದಿಲ್ಲ. ಕೂದಲು ಬುಡದಿಂದ ಮೇಲಕ್ಕೆ ನಿಂತ ಆಕಾರದಲ್ಲೇ ಗಟ್ಟಿಯಾಗಿ, ನೆಟ್ಟಗೆ ಕೂರಿಸಿದಾಗ ನೆತ್ತಿ ಉಬ್ಬಿ ಕಾಣುತ್ತದೆ. ಗೊಂಬೆಯನ್ನು ಸಿಂಕಿನ ಮೇಲೆ ನೆಟ್ಟಗೆ, ತಲೆ ಕೊಂಚ ಹಿಂದಕ್ಕೆ ವಾಲಿಸಿ ಹಿಡಿಯಿರಿ. ಬೈತಲೆ ತೆಗೆದು ಕೂದಲನ್ನು ಬೀಳಬೇಕಾದ ಹಾಗೆ ಬಾಚಿ. ಆಮೇಲೆ ಮೂತಿಯಿರುವ ಪಾತ್ರೆಯಿಂದ ನೀರನ್ನು ನೆತ್ತಿಯ ಹಿಂದಿನಿಂದ ಸಣ್ಣ ಧಾರೆಯಾಗಿ ಸುರಿಯಿರಿ. ಮೊದಲ ಧಾರೆಗೇ ಕಾಣುತ್ತದೆ, ಉಬ್ಬಿ ನಿಂತಿದ್ದ ಪೊದೆ ಸಣ್ಣಗೆ ಮಿಸುಕಿ, ಬೆನ್ನಿಗೆ ಅಂಟಿದಂತೆ ಇಳಿದುಬಿಡುತ್ತದೆ. ಸುರಿಯುತ್ತಾ ಇನ್ನೊಬ್ಬರಿಂದ ಬಾಚಿಸಿ, ಇಲ್ಲವೇ ಹತ್ತು ಸೆಕೆಂಡು ಸುರಿದು, ಪಾತ್ರೆ ಇಟ್ಟು, ಬಾಚಿ. ಮೂರು ನಾಲ್ಕು ಸುತ್ತು ಹೀಗೆ. ತುದಿಗಳು ಇನ್ನೂ ಮುರುಟಿದ್ದರೆ ಕೆಳಗಿನ ಎರಡು ಇಂಚನ್ನು ಮಾತ್ರ ಅದೇ ಬಿಸಿಯ ನೀರಿನಲ್ಲಿ ಹದಿನೈದು ಸೆಕೆಂಡು ಅದ್ದಿ. ಕೊನೆಗೆ ತಣ್ಣೀರು ಸುರಿದು ನಿಲ್ಲಿಸಿ. ಒಂದೇ ದಿನಕ್ಕೆ ಪೂರ್ತಿ ಸರಿಹೋಗದಿದ್ದರೆ ಬಿಸಿ ಹೆಚ್ಚಿಸಬೇಡಿ, ಒಣಗಿದ ಮೇಲೆ ಇನ್ನೊಂದು ದಿನ ಇದೇ ಬಿಸಿಯಲ್ಲಿ ಮತ್ತೆ ಮಾಡಿ. ಎರಡನೇ ಸಲಕ್ಕೆ ನಯವಾದ ಎಷ್ಟೋ ಗೊಂಬೆಗಳನ್ನು ನೋಡಿದ್ದೇನೆ.

ಒದ್ದೆಯಾಗಿರುವಾಗಲೇ ಹಳೆಯ ಪಂಚೆಯಿಂದ ಎರಡು ಬೆರಳಗಲದ ಪಟ್ಟಿ ಹರಿದು, ನೆತ್ತಿಯಿಂದ ಬೆನ್ನಿನವರೆಗೆ ಕೂದಲ ಮೇಲೆ ಹಗುರವಾಗಿ ಸುತ್ತಿ. ಒಣಗುವ ತನಕ ಕೂದಲು ತಲೆಗೆ ಒತ್ತಿಕೊಂಡಿರುತ್ತದೆ. ನೆರಳಲ್ಲಿ, ಫ್ಯಾನಿನ ಕೆಳಗೆ ಒಂದು ದಿನ, ಮಳೆಗಾಲವಾದರೆ ಎರಡು ಮೂರು ದಿನ ಇಡಿ. ಹೇರ್ ಡ್ರೈಯರ್ ಬೇಡ, ಬಿಸಿಲೂ ಬೇಡ. ಹೊಲಿಗೆಯ ರಂಧ್ರಗಳಿಂದ ತಲೆಯೊಳಕ್ಕೆ ನೀರು ಹೋಗಿರುತ್ತದೆ ಎಂಬುದನ್ನು ಮರೆಯಬೇಡಿ. ಬಟ್ಟೆ ಸುತ್ತುವ ಮುನ್ನ ಗೊಂಬೆಯನ್ನು ತಲೆಕೆಳಗು ಮಾಡಿ, ಮೆತ್ತನೆಯ ತಲೆಯನ್ನು ಟವೆಲಿನಲ್ಲಿ ಹಿಡಿದು ನಾಲ್ಕೈದು ಸಲ ಒತ್ತಿದರೆ ಹನಿ ಹನಿಯಾಗಿ ಹೊರಬರುತ್ತದೆ. ಒಳಗೇ ಉಳಿದರೆ ಬೂಷ್ಟು ಹಿಡಿದು ವಾಸನೆ ಬರುತ್ತದೆ. ನೀರು ತೆಗೆಯಲೆಂದು ತಲೆಯನ್ನೇ ಕಳಚಲು ಹೋಗಬೇಡಿ. ಹಳೆಯ ಗೊಂಬೆಗಳ ಕುತ್ತಿಗೆಯ ಒಳಗುಬ್ಬು ಸುಲಭವಾಗಿ ಸೀಳುತ್ತದೆ, ಆಮೇಲೆ ತಲೆ ನಿಲ್ಲುವುದಿಲ್ಲ.

ಒಂದು ಪಕ್ಷ ಕೂದಲು ಒಣಗಿದ ಮೇಲೂ ಬುಡದಲ್ಲಿ ಒದ್ದೆಯಾದಂತೆ, ಜಿನುಗಿದಂತೆ ಕಂಡು, ಮುಟ್ಟಿದರೆ ಅಂಟಿದರೆ ಅದು ನಿಮ್ಮ ಮಗಳ ಎಣ್ಣೆಯಲ್ಲ. ಕೂದಲು ಕೀಳದಿರಲೆಂದು ಕೆಲವು ಗೊಂಬೆಗಳ ತಲೆಯೊಳಗೆ ಅಂಟು ಹಾಕಿರುತ್ತಾರೆ, ವರ್ಷಗಳು ಕಳೆದಂತೆ ಅದು ಹೊರಗೆ ಸೋರುತ್ತದೆ. ಬಿಸಿನೀರು ಅದನ್ನು ಇನ್ನೂ ಹೆಚ್ಚು ಸೋರಿಸುತ್ತದೆ, ಹಾಗಾಗಿ ಬುಡಕ್ಕೆ ಮತ್ತೆ ಬಿಸಿ ತಾಕಿಸಬೇಡಿ. ಕಾರ್ನ್‌ಫ್ಲೋರನ್ನೋ ಮಕ್ಕಳ ಪೌಡರನ್ನೋ ಬುಡಕ್ಕೆ ಉದುರಿಸಿ, ಒಂದು ರಾತ್ರಿ ಬಿಟ್ಟು, ಬಾಚಿ ತೆಗೆಯಿರಿ. ಹೀಗೆ ಮೂರು ನಾಲ್ಕು ಸಲ ಮಾಡಿದರೆ ಅಂಟು ಹತೋಟಿಗೆ ಬರುತ್ತದೆ. ಪೂರ್ತಿ ಹೋಗುವುದಿಲ್ಲ, ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ಕಾಣಿಸಿದರೆ ಗಾಬರಿಯಾಗಬೇಡಿ.

ಕತ್ತರಿಯನ್ನು ಎಲ್ಲಕ್ಕಿಂತ ಕೊನೆಗೆ ಹಿಡಿಯಿರಿ. ಬಿಸಿನೀರಿನ ನಂತರವೂ ಅಲ್ಲಲ್ಲಿ ಬಿಳಿಚಿ ಗರಿಗರಿಯಾದ, ತುದಿಯಲ್ಲಿ ಸೀಳಿದ ಎಳೆಗಳು ಎದ್ದು ನಿಂತಿರುತ್ತವೆ. ಅಂಥವನ್ನು ಒಂದೊಂದಾಗಿ ಕತ್ತರಿಸಿ. ತುದಿಯನ್ನು ಸಮ ಮಾಡಬೇಕಿದ್ದರೆ ಕತ್ತರಿಯನ್ನು ಅಡ್ಡ ಹಿಡಿಯದೆ ನೆಟ್ಟಗೆ ಹಿಡಿದು ಎರಡು ಮೂರು ಮಿಲಿಮೀಟರಿನಷ್ಟೇ ಮೊಟಕು ಮಾಡಿ. ಇದು ಮತ್ತೆ ಬೆಳೆಯುವುದಿಲ್ಲ ಎಂದು ಮಗಳಿಗೂ ಹೇಳಿ, ಮಕ್ಕಳು ಅದನ್ನು ನಂಬಿರುವುದಿಲ್ಲ. ಕಿತ್ತುಹೋದ ಜಾಗ ಬೋಳಾಗಿ ಕಂಡರೆ ಅಲ್ಲಿಗೆ ಹೊಸ ದಾರ ನೆಡಲು ಬರುತ್ತದೆ, ಆದರೆ ಅದು ಬೇರೆಯದೇ ಕುಸುರಿ ಕೆಲಸ. ಸದ್ಯಕ್ಕೆ ಬೈತಲೆಯನ್ನು ಕೊಂಚ ಪಕ್ಕಕ್ಕೆ ತೆಗೆದು ಹೊಲಿಗೆಯ ಸಾಲನ್ನು ಮರೆಮಾಡಿ.

ಬಟ್ಟೆ ಮೆತ್ತಗೆ ಮಾಡುವ ಕಂಫರ್ಟ್‌ನಂಥ ದ್ರವದಲ್ಲಿ ಗೊಂಬೆಯ ಕೂದಲನ್ನು ರಾತ್ರಿಯಿಡೀ ನೆನೆಸಿ ಎಂಬ ಸಲಹೆ ತುಂಬ ಓಡಾಡುತ್ತಿದೆ. ತಕ್ಷಣಕ್ಕೆ ರೇಷ್ಮೆಯಂತಾಗುವುದು ನಿಜ. ಆದರೆ ಚೆನ್ನಾಗಿ ತೊಳೆಯದಿದ್ದರೆ ಆ ಪದರ ದೂಳನ್ನು ಕರೆದು, ವರ್ಷದೊಳಗೆ ಕೂದಲು ಮತ್ತೆ ಜಿಡ್ಡಾಗುತ್ತದೆ. ಬಳಸಲೇಬೇಕಿದ್ದರೆ ಒಂದು ಲೋಟ ನೀರಿಗೆ ಅರ್ಧ ಚಮಚ, ಹತ್ತು ನಿಮಿಷ, ಆಮೇಲೆ ಎರಡು ಸಲ ತೊಳೆತ. ಹೇರ್ ಸೀರಮ್ಮಿಗೂ ಇದೇ ಮಾತು, ಹೊಳಪು ಬಾಡಿಗೆಗೆ ಬಂದಂತೆ. ಸೀಗೆಪುಡಿ, ಕಡಲೆಹಿಟ್ಟು ಹಾಕಿದರೆ ಹೊಲಿಗೆಯ ರಂಧ್ರಗಳಲ್ಲಿ ಕೂತುಬಿಡುತ್ತವೆ, ಅವನ್ನು ತೆಗೆಯುವುದೇ ಇನ್ನೊಂದು ಕೆಲಸ.

ನೇರವಾದ ಮೇಲೆ ಗುಂಗುರು ಬೇಕೆನಿಸಿದರೆ ಒದ್ದೆ ಕೂದಲಿಗೆ ಸಡಿಲವಾಗಿ ಮೂರೆಳೆಯ ಜಡೆ ಹಾಕಿ, ತುದಿಗೆ ದಾರ ಕಟ್ಟಿ, ನಿಮ್ಮ ಗೊಂಬೆಗೆ ಹೊಂದಿದ ಬಿಸಿಯ ನೀರನ್ನು ಸುರಿದು, ತಣ್ಣೀರು ಹಾಕಿ, ಪೂರ್ತಿ ಒಣಗಿದ ಮೇಲೆ ಬಿಚ್ಚಿ. ಅಲೆ ಅಲೆಯಾಗಿ ನಿಲ್ಲುತ್ತದೆ. ಪಾಲಿಪ್ರೊಪಿಲೀನಿನಲ್ಲಿ ಈ ಅಲೆ ಹೆಚ್ಚು ದಿನ ಉಳಿಯುವುದಿಲ್ಲ, ಅದಕ್ಕೆ ನೇರ ಕೂದಲೇ ಒಪ್ಪುತ್ತದೆ.

ದಸರೆಯ ಹೊತ್ತಿಗೆ ಅವಳು ಖಂಡಿತ ತಯಾರಾಗುತ್ತಾಳೆ. ಪಟ್ಟದ ಗೊಂಬೆಗಳಿಗೆ ಈ ತೊಂದರೆಯಿಲ್ಲ, ರಾಜ ರಾಣಿಯರ ತಲೆ ಮರದ್ದು, ಕೂದಲನ್ನು ಬಣ್ಣದಲ್ಲೇ ತೀಡಿರುತ್ತಾರೆ. ಇವಳನ್ನು ಮಾತ್ರ ದೀಪದಿಂದ, ಬಿಸಿಯಾಗುವ ಬಣ್ಣದ ಬಲ್ಬುಗಳಿಂದ ಎರಡು ಅಡಿ ದೂರ ಕೂರಿಸಿ. ಹೊರಗೆ ಇಡುವಾಗ ಹೆರಳನ್ನು ರಬ್ಬರ್ ಬ್ಯಾಂಡಿನಿಂದಲ್ಲ, ಹತ್ತಿಯ ದಾರದಿಂದ ಕಟ್ಟಿ. ಹಬ್ಬ ಮುಗಿದ ಮೇಲೆ ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ, ಒಗೆದ ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ನುಸಿ ಗುಳಿಗೆ ಇಲ್ಲದ ಪೆಟ್ಟಿಗೆಯಲ್ಲಿಡಿ. ಆ ಗುಳಿಗೆಯ ಆವಿ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಮಗಳು ಹೂ ಮುಡಿಸಲೇಬೇಕೆಂದು ಹಟ ಹಿಡಿದರೆ ಮುಡಿಸಲಿ, ಒಂದೆರಡು ಮೊಗ್ಗು ಸಾಕು. ಸಂಜೆ ಆರತಿಯಾದ ಮೇಲೆ ನೆನಪಿನಿಂದ ತೆಗೆಸಿ, ರಾತ್ರಿಯಿಡೀ ಇದ್ದರೆ ಬಾಡಿದ ಹೂವಿನ ಕಲೆ ಕೂದಲಿಗೂ ಕೆನ್ನೆಗೂ ಇಳಿಯುತ್ತದೆ.